'ಕಂಫರ್ಟ್' ಪದದ ಬೇರು ಹಿಡಿದು ಕನ್ನಡದ ಮಾತನ್ನು ಆರಿಸುವ ಬಗೆ

ಸೋಫಾದ ಜಾಹೀರಾತಿಗೂ ಮಗನನ್ನು ಕಳೆದುಕೊಂಡ ತಾಯಿಗೆ ಬರೆಯುವ ಪತ್ರಕ್ಕೂ ಇಂಗ್ಲಿಷಿನಲ್ಲಿ 'ಕಂಫರ್ಟ್' ಎಂಬ ಒಂದೇ ಪದ ಸಲ್ಲುತ್ತದೆ. ಆದುದರಿಂದ ಇದನ್ನು ಕನ್ನಡಕ್ಕೆ ತರುವವರು ಮೊದಲು ಪದವನ್ನು ಬಿಡಿಸಿ ನೋಡಬೇಕು.

ಲ್ಯಾಟಿನ್ನಿನ 'ಫೋರ್ಟಿಸ್' ಎಂದರೆ ಬಲವುಳ್ಳದ್ದು. ಅದರ ಮೊದಲಿಗೆ ಒತ್ತು ಕೊಡುವ 'ಕೊಂ' ಸೇರಿ, ಚೆನ್ನಾಗಿ ಬಲಪಡಿಸು ಎಂಬ ಅರ್ಥದ ಕ್ರಿಯಾಪದವಾಯಿತು. ಅದು ಹಳೆಯ ಫ್ರೆಂಚಿನ ಮೂಲಕ 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಮೈಯ ಸುಖವೆಂಬ ಅರ್ಥ ಬಹಳ ತಡವಾಗಿ ಸೇರಿಕೊಂಡದ್ದು.

ಎರಡನೆಯದಾಗಿ, ಪದದ ನೆಂಟರನ್ನು ಗುರುತಿಸಬೇಕು. 'ಫೋರ್ಸ್', 'ಎಫರ್ಟ್', 'ಫೋರ್ಟ್' ಇವೆಲ್ಲ ಅದೇ ಬೇರಿನವು. ಕೆಂಪೇಗೌಡರು 1537ರಲ್ಲಿ ಮಣ್ಣಿನಿಂದ ಕಟ್ಟಿಸಿ, 1761ರಲ್ಲಿ ಹೈದರಾಲಿ ಕಲ್ಲಿನದಾಗಿಸಿದ ಬೆಂಗಳೂರು ಕೋಟೆಯ ಉಳಿದ ಭಾಗವನ್ನು ಕೆ.ಆರ್. ಮಾರುಕಟ್ಟೆಯ ಬಳಿ ನೋಡಿದವರಿಗೆ, ಅದರ ಇಂಗ್ಲಿಷ್ ಹೆಸರಾದ 'ಫೋರ್ಟ್' ಈ ಮೃದುವಾದ ಪದದ ಒಡಹುಟ್ಟು ಎಂಬುದು ಬೆರಗು ಹುಟ್ಟಿಸದೆ ಇರದು.

ಮೂರನೆಯದಾಗಿ, ಹಳೆಯ ಬಳಕೆಗಳನ್ನು ಓದಬೇಕು. 14ನೆಯ ಶತಮಾನದ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲ್ಲಿನಲ್ಲಿ 'ನನ್ನನ್ನು ಕಂಫರ್ಟ್ ಮಾಡುವಾತನಲ್ಲಿ ನಾನು ಎಲ್ಲಕ್ಕೂ ಶಕ್ತನು' ಎಂಬರ್ಥದ ಸಾಲಿದೆ; 1611ರ ಕಿಂಗ್ ಜೇಮ್ಸ್ ಆವೃತ್ತಿಯಲ್ಲಿ ಅದೇ ಸ್ಥಾನಕ್ಕೆ ಬಲಪಡಿಸುವಾತ ಎಂಬ ಪದ ಬಂದಿದೆ. ಅಮೆರಿಕದ ಸಂವಿಧಾನವು ಶತ್ರುಗಳಿಗೆ 'ಕಂಫರ್ಟ್' ನೀಡುವುದನ್ನು ದೇಶದ್ರೋಹವೆನ್ನುವಾಗಲೂ ಅದರ ಅರ್ಥ ಬೆಂಬಲವೇ ಹೊರತು ಮೆತ್ತನೆಯ ಹಾಸಿಗೆಯಲ್ಲ.

ಇಷ್ಟಾದ ಮೇಲೆ ಕನ್ನಡದ ಪದವನ್ನು ಆರಿಸಬಹುದು. ಕುರ್ಚಿ, ಬಸ್ಸಿನ ಸೀಟು, ಚಪ್ಪಲಿಗಳ ವಿಷಯದಲ್ಲಿ ಪಾರಸಿಯಿಂದ ಬಂದ 'ಆರಾಮ' ಸಾಕು. ಬದುಕಿನ ನಿಶ್ಚಿಂತೆಗೆ 'ನೆಮ್ಮದಿ' ಹೊಂದುತ್ತದೆ. ದುಃಖದ ಸಂದರ್ಭದಲ್ಲಿ ನಾವು ಬರವಣಿಗೆಯಲ್ಲಿ ಅಭ್ಯಾಸಬಲದಿಂದ 'ಸಾಂತ್ವನ' ಎನ್ನುತ್ತೇವೆ, ಅದು ತಪ್ಪಲ್ಲ. ಆದರೆ ಸಾವಿನ ಮನೆಯಲ್ಲಿ ನಮ್ಮ ಹಿರಿಯರು 'ಧೈರ್ಯ ತಂದುಕೊಳ್ಳಿ' ಎನ್ನುತ್ತಾರೆ, ಮರಳಿ ಬಂದು 'ಧೈರ್ಯ ಹೇಳಿ ಬಂದೆವು' ಎನ್ನುತ್ತಾರೆ. ಕುಸಿದವರಿಗೆ ಬಲ ತುಂಬುವುದೆಂಬ ಲ್ಯಾಟಿನ್ ಮೂಲದ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಕಾಣದು. ತಾಯಿಗೆ ಬರೆಯುವ ಆ ಪತ್ರದಲ್ಲಿ 'ನಮ್ಮ ಮಾತು ನಿಮಗೆ ಸಾಂತ್ವನ ನೀಡಲಿ' ಎನ್ನುವ ವಾಕ್ಯವನ್ನು ಹೊಡೆದುಹಾಕಿ, 'ನಾವಿದ್ದೇವೆ, ಧೈರ್ಯ ತಂದುಕೊಳ್ಳಿ ಅಮ್ಮ' ಎಂದು ಬರೆಯಿರಿ.