ಶವಾಸನ ಮುಗಿದ ಮೇಲೆ ಒಂದು ವೈಸ್‌ಬಿಯರ್

ಮೈಸೂರಿನ ಗೋಕುಲಂನಲ್ಲಿ ಯೋಗಾಭ್ಯಾಸ ಮುಗಿಸಿದವರು ನೇರ ಎಳನೀರಿನವನ ಹತ್ತಿರ ಹೋಗುತ್ತಾರೆ. ಬೆವರಿಳಿದ ಮೈ, ಕಂಕುಳಲ್ಲಿ ಸುತ್ತಿದ ಮ್ಯಾಟ್, ಕೈಯಲ್ಲಿ ಎಳನೀರು. ನಾನು ಯೋಗ ಕಲಿತದ್ದೂ ಹಾಗೇ. ಕೆಲಸಕ್ಕೆಂದು ಜರ್ಮನಿಯ ಮ್ಯೂನಿಕ್‌ಗೆ ಬಂದವನು ಇಲ್ಲೂ ಭಾನುವಾರದ ತರಗತಿಯೊಂದಕ್ಕೆ ಸೇರಿಕೊಂಡೆ. ಟೀಚರ್ ಜರ್ಮನ್, ಎಣಿಸುವುದು ಮಾತ್ರ ಸಂಸ್ಕೃತದಲ್ಲಿ, 'ಏಕಂ, ದ್ವೇ' ಅಂತ. ಮೊದಲ ದಿನ ಶವಾಸನ ಮುಗಿಯಿತು, ಮ್ಯಾಟ್ ಸುತ್ತಿದೆವು, ಎಲ್ಲರೂ ಹೊರಟರು. ಎಲ್ಲಿಗೆ? ಬಿಯರ್‌ಗಾರ್ಟನ್‌ಗೆ, ಅಂದರೆ ಬಯಲಲ್ಲಿ ಕೂತು ಬಿಯರ್ ಕುಡಿಯುವ ತೋಟಕ್ಕೆ! ನನಗೆ ಸ್ವಲ್ಪ ಕಸಿವಿಸಿಯೇ ಆಯಿತು. ಬಿಯರ್ ನನಗೆ ಹೊಸದಲ್ಲ, ಬೆಂಗಳೂರಿನಲ್ಲಿ ಕುಡಿದಿದ್ದೆ. ಆದರೆ ಪ್ರಾಣಾಯಾಮ ಮಾಡಿದ ಅರ್ಧ ಗಂಟೆಗೆ?

ಆ ದಿನ ನಾನು ವೈಸ್‌ಬಿಯರ್ ಅನ್ನುವ ಗೋಧಿ ಬಿಯರಿನ ಬಾಟಲನ್ನು ಕೋಲಾ ಸುರಿದ ಹಾಗೆ ಲೋಟಕ್ಕೆ ಸುರಿದೆ. ನೊರೆ ಉಕ್ಕಿ ಮೇಜೆಲ್ಲ ಹರಿದು ಪ್ಯಾಂಟಿಗೂ ಬಂತು. ನಮ್ಮ ತರಗತಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಶೀರ್ಷಾಸನದಲ್ಲಿ ನನಗಿಂತ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಅವರೇ ಕಲಿಸಿದರು. ಉದ್ದನೆಯ ಲೋಟವನ್ನು ಮೊದಲು ತಣ್ಣೀರಲ್ಲಿ ತೊಳೆ. ಒಣಗಿಸಬೇಡ. ಚೆನ್ನಾಗಿ ಓರೆ ಮಾಡಿ ಹಿಡಿ, ಬಾಟಲಿನ ಬಾಯಿ ಲೋಟದ ಒಳಗೋಡೆಗೆ ತಾಗುವ ಹಾಗೆ ನಿಧಾನ ಇಳಿಸು. ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ ಬಾಟಲನ್ನು ತಿರುವು, ತಳದಲ್ಲಿ ಕೂತ ಯೀಸ್ಟ್ ಏಳಲಿ. ಆಮೇಲೆ ಉಳಿದದ್ದನ್ನು ಮೇಲೆ ಸುರಿ. ಲೋಟ ತಾಗಿಸುವಾಗ ಬುಡ ತಾಗಿಸು, ಮೇಲಿನ ಅಂಚು ತೆಳು. ಕಣ್ಣು ನೋಡಿ 'ಪ್ರೋಸ್ಟ್' ಅನ್ನು.

ಈ 'ತೊಳೆ, ಹಿಡಿ' ಎಲ್ಲ ಅವರ ಮಾತು. ಇಲ್ಲಿ ಯೋಗದ ತರಗತಿಯಲ್ಲಿ ಎಲ್ಲರೂ ಎಲ್ಲರಿಗೂ 'ಡೂ', ಅಂದರೆ 'ನೀನು'. 'ನೀವು' ಅನ್ನುವುದಕ್ಕೆ 'ಸೀ' ಇದೆ, ಅದು ಆಫೀಸು, ಬ್ಯಾಂಕಿಗೆ. ಆದರೆ ಅಜ್ಜಿಯ ವಯಸ್ಸಿನವರನ್ನು 'ನೀನು' ಅನ್ನಲು ನನಗೆ ನಾಲಿಗೆಯೇ ಹೊರಳುವುದಿಲ್ಲ. 'ಸೀ' ಅಂದಾಗಲೆಲ್ಲ ಅವರು ಬೆರಳಾಡಿಸಿ ಗದರುತ್ತಾರೆ.

ಮೂಸಿ ನೋಡು ಅಂದರು. ಮೂಸಿದೆ. ಬಾಳೆಹಣ್ಣು! ಕಳಿತ ರಸಬಾಳೆಯ ಗೊನೆ ಪಕ್ಕದಲ್ಲಿಟ್ಟ ಹಾಗೆ. ಅದರ ಹಿಂದೆಯೇ ಲವಂಗ. ಏನು ಹಾಕುತ್ತಾರೆ ಅಂತ ಕೇಳಿದೆ. ಏನೂ ಹಾಕಲ್ಲ, ಎರಡೂ ಯೀಸ್ಟಿನ ಕೆಲಸ. 1516ರಲ್ಲಿ ಇದೇ ಬವೇರಿಯಾದ ಇಂಗೋಲ್‌ಸ್ಟಾಟ್ ಊರಿನಲ್ಲಿ ಹೊರಡಿಸಿದ ಕಾನೂನಿನ ಪ್ರಕಾರ ಬಿಯರ್‌ಗೆ ಬಾರ್ಲಿ, ಹಾಪ್ಸ್ ಅನ್ನುವ ಕಹಿ ಹೂವು, ನೀರು, ಇಷ್ಟೇ. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಗೋಧಿಯೂ ಇಲ್ಲ, ಆದರೂ ವೈಸ್‌ಬಿಯರ್ ಆಗುವುದು ಗೋಧಿಯಿಂದಲೇ. ದೊರೆಗಳು ಅದಕ್ಕೆ ಬೇರೆಯೇ ಪರವಾನಗಿ ಇಟ್ಟುಕೊಂಡಿದ್ದರು, 1602ರಿಂದ ಅದರ ಲಾಭ ಪೂರ್ತಿ ಅವರ ಮನೆಗೇ ಹೋಗುತ್ತಿತ್ತು. ಕಾನೂನು ಎಲ್ಲ ಕಡೆ ಹೀಗೇ, ಅಲ್ವಾ? ನನಗಂತೂ ಆ ಬಾರ್ಲಿ ಉಪಯೋಗಕ್ಕೆ ಬಂತು. ಅಮ್ಮ ಫೋನಿನಲ್ಲಿ 'ಏನು ಕುಡೀತಿದ್ದೀಯೋ' ಅಂದಾಗ 'ಬಾರ್ಲಿ ನೀರಮ್ಮ' ಅಂದೆ.

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಮಾರ್ಚ್ ಹೊತ್ತಿಗೆ ಇಲ್ಲಿ ಡೊಪ್ಪೆಲ್‌ಬಾಕ್ ಅನ್ನುವ ದಪ್ಪ, ಸಿಹಿ ಬಿಯರ್ ಬರುತ್ತದೆ. ಈಸ್ಟರ್ ಮುಂಚಿನ ಉಪವಾಸದಲ್ಲಿ ಸನ್ಯಾಸಿಗಳು ಕುಡಿಯುತ್ತಿದ್ದದ್ದು. ಗಟ್ಟಿ ಪದಾರ್ಥ ತಿನ್ನುವ ಹಾಗಿಲ್ಲ, ಕುಡಿಯಬಹುದು. ನಮ್ಮಲ್ಲಿ ಏಕಾದಶಿಗೆ ಅವಲಕ್ಕಿ ಉಪ್ಪಿಟ್ಟು ತಿನ್ನುವ ಹಾಗೆ! ಏಳೂವರೆ ಪರ್ಸೆಂಟ್ ಆಲ್ಕೋಹಾಲ್ ಇತ್ತು, ಸಿಹಿಯಲ್ಲಿ ಗೊತ್ತಾಗಲಿಲ್ಲ, ಶನಿವಾರ ರಾತ್ರಿ ಎರಡು ಇಳಿಸಿದೆ. ಭಾನುವಾರ ಸರ್ವಾಂಗಾಸನಕ್ಕೆ ಕಾಲೆತ್ತಿದೆ ನೋಡಿ, ಹುಳಿ ತೇಗು ಗಂಟಲಿಗೇ ಬಂತು. ಆವತ್ತಿನಿಂದ ತರಗತಿಯ ಹಿಂದಿನ ರಾತ್ರಿ ಏನೂ ಇಲ್ಲ.

ಅಭ್ಯಾಸ ಮುಗಿದ ಮೇಲೂ ಮೊದಲು ನೀರು, ಇಲ್ಲವೇ ಆಲ್ಕೋಹಾಲ್ ಇಲ್ಲದ ವೈಸ್‌ಬಿಯರ್. ಇಲ್ಲಿ ಓಟಗಾರರೂ ಅದನ್ನೇ ಕುಡಿಯುತ್ತಾರೆ. 'ಇಲ್ಲದ' ಅಂದರೂ ಅರ್ಧ ಪರ್ಸೆಂಟ್ ತನಕ ಇರಬಹುದು, ಪೂರ್ತಿ ಬೇಡದವರು 0.0 ಅಂತ ಬರೆದದ್ದನ್ನೇ ನೋಡಿ ತಗೋಬೇಕು. ನಮ್ಮ ತರಗತಿಯ ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಬಾಯಾರಿಕೆ ಹೋದ ಮೇಲೆ ಒಂದು ಅರ್ಧ ಲೀಟರ್ ತಗೊಂಡು ಮುಕ್ಕಾಲು ಗಂಟೆ ಕೂರುತ್ತೇನೆ. ಬಾಯಾರಿದಾಗ ಕುಡಿದರೆ ರುಚಿ ಗೊತ್ತಾಗಲ್ಲ, ತಂಪು ಮಾತ್ರ ಗೊತ್ತಾಗುತ್ತದೆ. ಬಾಂಬೆರ್ಗ್ ಊರಿನ ಹೊಗೆ ಬಿಯರ್ ನನಗೆ ಹಿಡಿಸಿದ್ದೂ ಹೀಗೆ ಕೂತಾಗಲೇ. ಮೊದಲ ಗುಟುಕಿಗೆ ಮುಖ ಕಿವುಚಿದ್ದೆ. ಮೂರನೆಯದಕ್ಕೆ ಊರಿನಲ್ಲಿ ನನ್ನ ಸ್ವಂತ ಅಜ್ಜಿ ಮನೆಯ ಸೌದೆ ಒಲೆ, ಹೊಗೆ ಹಿಡಿದ ಹಾಲು ನೆನಪಾಯಿತು.

ಬರ್ಲಿನ್‌ನಲ್ಲಿ ಬಿಯರ್ ಯೋಗ ಅಂತಲೇ ನಡೆಯುತ್ತದೆ. ತಲೆ ಮೇಲೆ ಬಾಟಲ್ ಇಟ್ಟು ವೃಕ್ಷಾಸನ. ಒಂದು ಸಲ ಹೋಗಿದ್ದೆ. ನಗು ಬಂತು, ಅಷ್ಟೆ. ಉಸಿರೂ ಇಲ್ಲ, ರುಚಿಯೂ ಇಲ್ಲ.

ನನಗೆ ಬಿಯರ್‌ಗಾರ್ಟನ್ನೇ ಸರಿ. ಅಲ್ಲಿ ಮನೆಯಿಂದ ಬುತ್ತಿ ತರಬಹುದು. 1812ರಲ್ಲಿ ಇಲ್ಲಿನ ರಾಜ ಬಿಯರ್ ಮಾಡುವವರಿಗೆ ಬಿಯರ್ ಇಡುವ ತಮ್ಮ ನೆಲಮಾಳಿಗೆಯ ಹತ್ತಿರವೇ ಮಾರಲು ಬಿಟ್ಟ, ಊಟ ಮಾತ್ರ ಮಾರಬೇಡಿ ಅಂದ. ಹೋಟೆಲಿನವರ ಗಲಾಟೆ ಇರಬಾರದಲ್ಲ. ಈಗ ಊಟವೂ ಸಿಗುತ್ತದೆ, ಬುತ್ತಿಯೂ ಉಳಿದಿದೆ. ಬಟ್ಟೆ ಹಾಸದ ಮೇಜು ನೋಡಿ ಕೂರಬೇಕು, ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು. ನಾನು ಕೋಡುಬಳೆ ಒಯ್ಯುತ್ತೇನೆ. ಖಾರದ ಕೋಡುಬಳೆಗೆ ವೈಸ್‌ಬಿಯರ್ ಎಷ್ಟು ಹೊಂದುತ್ತದೆ ಅಂದರೆ, ಡಬ್ಬಿ ತೆಗೆದ ಐದು ನಿಮಿಷಕ್ಕೆ ಖಾಲಿ.

ಅಜ್ಜಿ ಈ ಜನವರಿಗೆ ಒಂದು ತಿಂಗಳು ಮೈಸೂರಿಗೆ ಹೊರಟಿದ್ದಾರೆ. ಎಳನೀರು ಹೇಗೆ ಕೇಳಬೇಕು ಅಂದರು. 'ತೆಳು ಗಂಜಿದು ಕೊಡಿ' ಅಂತ ಹೇಳಿಕೊಟ್ಟೆ. ಚೀಟಿಯಲ್ಲಿ ಬರೆದುಕೊಂಡು ನಾಲ್ಕು ಸಲ ಹೇಳಿದರು. ಆಮೇಲೆ ಕೇಳಿದರು, "ಈ 'ಕೊಡಿ' ಅನ್ನೋದು ಡೂನಾ, ಸೀನಾ?"

"ಸೀ" ಅಂದೆ.

ಚೀಟಿ ಮಡಚಿ ನನ್ನ ಕಡೆ ಒಂದು ಥರಾ ನೋಡಿದರು.