ಕಾರಿನ ಕೆಳಗೆ ಸೋರಿದ್ದು ಏನು? ರಟ್ಟು ಹಾಸಿ ನೋಡಿ

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿಗೆ ಏಸಿ ಇಲ್ಲದೆ ಕಾರು ಓಡಿಸುವುದು ಕಷ್ಟ. ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಆಗಿರುವುದಿಲ್ಲ, ಕೆಳಗೆ ನೀರು! ಗಾಬರಿ ಬೇಡ. ಬೆರಳಿಗೆ ಹಚ್ಚಿಕೊಂಡು ನೋಡಿ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ವಾ? ಅದು ಏಸಿ ನೀರು, ಬಿಟ್ಟುಬಿಡಿ.

ಬಣ್ಣವಿದ್ದರೆ ಕಿರಾಣಿ ಅಂಗಡಿಯಿಂದ ಒಂದು ಖಾಲಿ ರಟ್ಟಿನ ಬಾಕ್ಸ್ ತನ್ನಿ. ಅದನ್ನು ಬಿಚ್ಚಿ ರಾತ್ರಿ ಎಂಜಿನ್ ಕೆಳಗೆ ಹಾಸಿ, ಗಾಳಿಗೆ ಹಾರದಂತೆ ಕಲ್ಲಿಡಿ. ಮುಂದಿನ ಚಕ್ರಗಳು ಎಲ್ಲಿವೆ ಎಂದು ಪೆನ್ನಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಹನಿಯ ಬಣ್ಣವೂ ಜಾಗವೂ ಕಾಣುತ್ತದೆ. ಆ ರಟ್ಟನ್ನೇ ಮೆಕ್ಯಾನಿಕ್‌ಗೆ ತೋರಿಸಿ.

ಕಂದು ಅಥವಾ ಕಪ್ಪು ಜಿಡ್ಡಾದರೆ ಸಾಮಾನ್ಯವಾಗಿ ಎಂಜಿನ್ ಆಯಿಲ್. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಆಯಿಲ್ ಇದ್ದರೆ ಗ್ಯಾರೇಜಿನವರೆಗೆ ಹೋಗಬಹುದು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ.

ಹಸಿರು, ಗುಲಾಬಿ, ಕಿತ್ತಳೆ ಬಣ್ಣ, ಸಿಹಿ ವಾಸನೆ ಎಂದರೆ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಕಳೆದ ಬೇಸಿಗೆಯಲ್ಲಿ ಚಿತ್ರದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಏರಿತು. ಬಾನೆಟ್ ಎತ್ತಿದರೆ ರೇಡಿಯೇಟರ್ ಮೇಲಿನ ಪೈಪಿನ ಕ್ಲಿಪ್ ಸಡಿಲ. ಅದರ ಸುತ್ತ ಉಪ್ಪು ಒಣಗಿದಂತೆ ಹಸಿರು ಪುಡಿ ಕಟ್ಟಿತ್ತು. ವಾರದ ಹಿಂದೆಯೂ ಆ ಪುಡಿ ಕಂಡಿತ್ತು, ಧೂಳಿರಬೇಕು ಅಂದುಕೊಂಡಿದ್ದೆ. ನೀವು ಹಾಗೆ ಮಾಡಬೇಡಿ. ಆ ಪುಡಿಯೇ ಸೋರಿಕೆಯ ಜಾಡು.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ಒತ್ತಡಕ್ಕೆ ಕೂಲೆಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ತೆರೆದ ಕೂಡಲೇ ಮುಖಕ್ಕೆ ಚಿಮ್ಮಿ ಸುಡುತ್ತದೆ. ಕೈ ಇಡುವಷ್ಟು ತಣ್ಣಗಾಗುವವರೆಗೆ ಕಾಯಿರಿ, ಅರ್ಧ ಗಂಟೆಗಿಂತ ಜಾಸ್ತಿಯೇ ಬೇಕಾಗಬಹುದು. ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿದರೆ ಸೋರಿಕೆ ನಿಲ್ಲುತ್ತದೆ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಚೆಲ್ಲಿದ ಕೂಲೆಂಟನ್ನು ತಕ್ಷಣ ಒರೆಸಿ. ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ಚಕ್ರದ ಒಳಬದಿಯಲ್ಲಿ ತೆಳ್ಳಗೆ, ಜಾರುವ ತಿಳಿ ಹಳದಿ ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಅನುಮಾನವೇ ಬೇಡ. ಗ್ಯಾರೇಜ್ ಪಕ್ಕದ ಬೀದಿಯಲ್ಲೇ ಇದ್ದರೂ ಓಡಿಸಬೇಡಿ. ಮೆಕ್ಯಾನಿಕ್‌ನ್ನು ಮನೆಗೇ ಕರೆಸಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ನೆಲದ ಆಯಿಲ್ ಕಲೆಗೆ ಮರದ ಹೊಟ್ಟು ಸುರಿದು ಹೀರಲು ಬಿಡಿ, ನೀರು ಹೊಡೆದು ಚರಂಡಿಗೆ ತಳ್ಳಬೇಡಿ. ರಿಪೇರಿ ಆದ ರಾತ್ರಿ ಹೊಸ ರಟ್ಟೊಂದನ್ನು ಮತ್ತೆ ಹಾಸಿ ನೋಡಿ.