ಯಾರೂ ಕೇಳದಿದ್ದರೂ ವೆಲ್ಷ್ ಕಲಿತೆ

ಬ್ರಿಟನ್ನಿನ ವೇಲ್ಸ್‌ನಲ್ಲಿ ಬದುಕಲು ವೆಲ್ಷ್ ಭಾಷೆ ಬೇಕೇ ಬೇಕು ಅಂತೇನಿಲ್ಲ. ಇಲ್ಲಿ ಹೆಚ್ಚುಕಡಿಮೆ ದೊಡ್ಡವರಿಗೆಲ್ಲ ಇಂಗ್ಲಿಷ್ ಬರುತ್ತದೆ. ನರ್ಸ್ ಕೆಲಸಕ್ಕೆ ಬಂದಾಗ ನನ್ನನ್ನು ಯಾರೂ ವೆಲ್ಷ್ ಬರುತ್ತದಾ ಎಂದು ಕೇಳಲಿಲ್ಲ. ಕಲಿಯಲು ಶುರು ಮಾಡಿದೆ ಅಂದಾಗ ಪುತ್ತೂರಿನಿಂದ ಅಮ್ಮ ಫೋನಿನಲ್ಲಿ "ಅವು ದಾಯೆಗ್ ಮಗಾ?" ಎಂದರು. ಅದು ಯಾಕೆ, ಇಂಗ್ಲಿಷ್ ಸಾಲದಾ ಅಂತ. ಇಲ್ಲಿನ ವೆಲ್ಷ್ ಜನರೂ ಅದನ್ನೇ ಕೇಳುತ್ತಾರೆ, ಸ್ವಲ್ಪ ಖುಷಿಯಿಂದ, ಸ್ವಲ್ಪ ಅನುಮಾನದಿಂದ. ನಾನು ಎದುರಿಗಿರುವವರನ್ನು ನೋಡಿ ಒಂದೊಂದು ಉತ್ತರ ಕೊಡುತ್ತೇನೆ. ಎಲ್ಲವೂ ನಿಜವೇ, ಆದರೆ ಎಲ್ಲಕ್ಕೂ ಒಂದೇ ತೂಕ ಇಲ್ಲ.

ಜೊತೆಗೆ ಕೆಲಸ ಮಾಡುವವರಿಗೆ ಹೇಳುವ ಉತ್ತರ ರೋಗಿಗಳದ್ದು. ನಾನಿರುವುದು ವಾಯವ್ಯ ಮೂಲೆಯ ಗ್ವಿನೆದ್‌ನಲ್ಲಿ. 2021ರ ಜನಗಣತಿಯಲ್ಲಿ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಬರುವವರು ಶೇಕಡಾ 17.8 ಮಾತ್ರ. ಗ್ವಿನೆದ್‌ನಲ್ಲಿ ಅದು ಶೇಕಡಾ 64.4. ವಯಸ್ಸಾದವರ ವಾರ್ಡಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಳ್ಳಿಯಲ್ಲಿ ಕುರಿ ಸಾಕಿಕೊಂಡು ಬದುಕಿದವರು, ಸ್ಲೇಟ್ ಕಲ್ಲಿನ ಗಣಿಯಲ್ಲಿ ದುಡಿದವರು, ಮನೆಯಲ್ಲಿ ಇಂಗ್ಲಿಷ್ ಬಾಯಿಗೆ ಬಾರದೆ ಬೆಳೆದವರು. ಡಿಮೆನ್ಶಿಯಾ ಬಂದರೆ ಅನೇಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಮನೆಮಾತು ಉಳಿಯುತ್ತದೆ. ಒಬ್ಬ ಅಜ್ಜನಿಗೆ ನಾನು ಇಂಗ್ಲಿಷಿನಲ್ಲಿ ಏನು ಕೇಳಿದರೂ "ಫೈನ್". ನೋವು ಇದೆಯಾ? ಫೈನ್. ನಿದ್ದೆ ಬಂತಾ? ಫೈನ್. ನಮ್ಮ ಸಹಾಯಕಿ ವೆಲ್ಷ್‌ನಲ್ಲಿ ಕೇಳಿದಾಗ ಅದೇ ಅಜ್ಜ ಸೊಂಟ ಎಲ್ಲಿ ಹಿಡಿಯುತ್ತದೆ, ಯಾವ ಹೊತ್ತಿಗೆ ಜಾಸ್ತಿ, ಯಾವ ಮಗ್ಗುಲಿಗೆ ತಿರುಗಿದರೆ ತಡೆಯಲಾಗದು ಎಂದೆಲ್ಲ ಹೇಳಿದರು. ನೋವನ್ನು ಹತ್ತಕ್ಕೆ ಎಷ್ಟು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಆ ಅಂಕಿಯ ಮೇಲೆಯೇ ಮಾತ್ರೆ ಬದಲಾಗುವುದು. ಇದು ಬರೀ ಒಳ್ಳೆಯತನದ ವಿಷಯ ಅಲ್ಲ ಅಲ್ವಾ? ಇಲ್ಲಿನ ಸರ್ಕಾರ 2012ರಿಂದಲೇ ಆರೋಗ್ಯ ಸೇವೆಗೆ ಒಂದು ನೀತಿ ಇಟ್ಟುಕೊಂಡಿದೆ: ರೋಗಿ ಬಾಯಿಬಿಟ್ಟು ಕೇಳುವ ಮೊದಲೇ ವೆಲ್ಷ್‌ನಲ್ಲಿ ಮಾತಾಡುವ ಅವಕಾಶ ಕೊಡಬೇಕು. ಕಾಯಿಲೆ ಬಿದ್ದವರು ಭಾಷೆಗಾಗಿ ಹಟ ಹಿಡಿಯುವುದಿಲ್ಲ, ಸುಮ್ಮನಾಗುತ್ತಾರೆ. ಅದಕ್ಕೇ ಈ ನೀತಿ.

ನೆರೆಯವರಿಗೆ ಹೇಳುವ ಉತ್ತರ ಮಗನದ್ದು. ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠವೆಲ್ಲ ವೆಲ್ಷ್‌ನಲ್ಲೇ. ಮಗ ಬೇಗ ಹಿಡಿದುಕೊಂಡ. ಅವನು ತರುವ ಕಥೆಪುಸ್ತಕವನ್ನು ರಾತ್ರಿ ಓದಿ ಹೇಳಲು ನನಗೆ ಆಗಬೇಕಿತ್ತು, ಅಷ್ಟೇ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ತಂದೆತಾಯಿ ಆದವರಿಗೆ ಗೊತ್ತಾಗುತ್ತದೆ.

ಯಾರಿಗೂ ಅಷ್ಟಾಗಿ ಹೇಳದ ಉತ್ತರ ಬೇರೆಯೇ ಇದೆ. ಅದು ಹೊಟ್ಟೆಕಿಚ್ಚು.

ನನ್ನ ಮನೆಮಾತು ತುಳು. 2011ರ ಜನಗಣತಿಯ ಪ್ರಕಾರ ತುಳು ಮಾತಾಡುವವರು 18 ಲಕ್ಷಕ್ಕೂ ಜಾಸ್ತಿ. ವೇಲ್ಸ್‌ನಲ್ಲಿ ವೆಲ್ಷ್ ಬರುವವರು ಸುಮಾರು 5.38 ಲಕ್ಷ, ನಮ್ಮ ಮೂರನೇ ಒಂದು ಪಾಲೂ ಇಲ್ಲ. ಆದರೂ ಇವರ ಭಾಷೆಗೆ ಸ್ವಂತ ಟಿವಿ ಚಾನೆಲ್ ಇದೆ. ರಸ್ತೆ ಫಲಕದಲ್ಲಿ, ಕೋರ್ಟಿನಲ್ಲಿ, ತೆರಿಗೆ ಪತ್ರದಲ್ಲಿ ಇವರ ಭಾಷೆ ಇದೆ. ವಿಶ್ವವಿದ್ಯಾಲಯದಲ್ಲಿ ವೆಲ್ಷ್‌ನಲ್ಲೇ ಕಲಿಯಬಹುದು. ತುಳು ಇನ್ನೂ ಸಂವಿಧಾನದ ಎಂಟನೇ ಪರಿಚ್ಛೇದದ ಬಾಗಿಲಲ್ಲಿ ನಿಂತಿದೆ. ನಾನು ಓದುವಾಗ ನಮ್ಮ ಶಾಲೆಯಲ್ಲಿ ತುಳು ಪಾಠ ಇರಲಿಲ್ಲ. ಈಗ ಕೆಲವು ಕಡೆ ಮೂರನೇ ಭಾಷೆಯಾಗಿ ಬಂದಿದೆ, ಸಂತೋಷ. ಮೊದಮೊದಲು ಇಲ್ಲಿನ ಫಲಕಗಳನ್ನು ನೋಡಿದಾಗ ನನಗೆ ಇವರಿಗೆ ಯಾರೋ ಎತ್ತಿ ಕೊಟ್ಟಿರಬೇಕು ಅನ್ನಿಸುತ್ತಿತ್ತು. ಕೊಟ್ಟದ್ದಲ್ಲ, ಕಿತ್ತುಕೊಂಡದ್ದು.

1962ರಲ್ಲಿ ವೆಲ್ಷ್ ಲೇಖಕ ಸಾಂಡರ್ಸ್ ಲೂಯಿಸ್ ರೇಡಿಯೋ ಭಾಷಣದಲ್ಲಿ ಈ ಭಾಷೆ ಸಾಯುವ ದಾರಿಯಲ್ಲಿದೆ ಎಂದು ಎಚ್ಚರಿಸಿದರು. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು. 1963ರ ಫೆಬ್ರವರಿಯಲ್ಲಿ ಅಬರಿಸ್ಟ್ವಿತ್ ಊರಿನ ಸೇತುವೆಯ ಮೇಲೆ ಹುಡುಗ ಹುಡುಗಿಯರು ಕೂತು ರಸ್ತೆ ತಡೆದರು. 1965ರಲ್ಲಿ ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸಲು ಕಾಪೆಲ್ ಕೆಲಿನ್ ಎಂಬ ವೆಲ್ಷ್ ಮಾತಾಡುವ ಹಳ್ಳಿಯನ್ನು ಅಣೆಕಟ್ಟಿನಡಿ ಮುಳುಗಿಸಿದರು. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿಗಾಗಿ ಊರು ಬಿಟ್ಟವರ ಮನೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಟಿವಿ ಚಾನೆಲ್ ವಿಷಯ. ಥ್ಯಾಚರ್ ಸರ್ಕಾರ ವೆಲ್ಷ್ ಚಾನೆಲ್ ಕೊಡುತ್ತೇವೆ ಎಂಬ ಮಾತಿನಿಂದ ಹಿಂದೆ ಸರಿದಾಗ, 1980ರಲ್ಲಿ ವೆಲ್ಷ್ ರಾಜಕಾರಣಿ ಗ್ವಿನ್ವೋರ್ ಇವಾನ್ಸ್ ಸಾಯುವವರೆಗೆ ಉಪವಾಸ ಕೂರುತ್ತೇನೆ ಎಂದರು. ಸರ್ಕಾರ ಬಗ್ಗಿತು. 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ಚಾನೆಲ್ ಶುರುವಾಯಿತು. ತಾರೀಖು ನೋಡಿ, ನಮ್ಮ ರಾಜ್ಯೋತ್ಸವದ ದಿನ! ವೆಲ್ಷ್‌ಗೆ ವೇಲ್ಸ್‌ನಲ್ಲಿ ಕಾನೂನಿನ ಪ್ರಕಾರ ಅಧಿಕೃತ ಸ್ಥಾನ ಬಂದದ್ದು 2011ರ ಶಾಸನದಿಂದ. ಇದನ್ನೆಲ್ಲ ಇಂಗ್ಲಿಷಿನಲ್ಲೇ ಓದಿದೆ. ಓದಿದ ಮೇಲೆ, ಇಷ್ಟು ಜಗಳ ಆಡಿ ಉಳಿಸಿಕೊಂಡದ್ದನ್ನು ಒಳಗಿನಿಂದ ನೋಡಬೇಕು ಅನ್ನಿಸಿತು. ವಾರ್ಡು, ಮಗ ಎರಡೂ ನನ್ನನ್ನು ಕ್ಲಾಸಿಗೆ ಸೇರಿಸಿದವು. ಸುಸ್ತಾದ ದಿನವೂ ಕ್ಲಾಸಿಗೆ ಎಳೆದುಕೊಂಡು ಹೋದದ್ದು ಈ ಕಿಚ್ಚು.

ಕಲಿತದ್ದು ಹೇಗೆ ಅಂದರೆ, ವಾರಕ್ಕೊಮ್ಮೆ ಸಂಜೆ ಕ್ಲಾಸು, ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ವೆಲ್ಷ್ ಭಾಷೆಯ ರೇಡಿಯೋ ಕಮ್ರಿ, ಮಗನ ಜೊತೆ ಎಸ್‌ಫೋರ್‌ಸಿಯ ಮಕ್ಕಳ ಕಾರ್ಯಕ್ರಮ. ಪಠ್ಯಪುಸ್ತಕ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬೇರೆ ಬೇರೆ ಇವೆ. ಉತ್ತರದವರು ಹಾಲಿಗೆ "ಹ್ಲೆವ್ರಿತ್" ಅನ್ನುತ್ತಾರೆ, ದಕ್ಷಿಣದವರು "ಹ್ಲಾಯ್ತ್". ಧಾರವಾಡದವರನ್ನೂ ಮಂಗಳೂರಿನವರನ್ನೂ ಒಟ್ಟಿಗೆ ಕೂರಿಸಿದ ಹಾಗೆ. ವಾರ್ಡಿನಲ್ಲಿ ಬಳಸಬೇಕಾದವರು ತಮ್ಮ ಊರಿನ ಪುಸ್ತಕವನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಉಚ್ಚಾರಣೆಗೆ ಹೆದರಬೇಡಿ. ಬರೆದ ಹಾಗೆ ಓದುವ ಭಾಷೆ ಇದು, ಇಂಗ್ಲಿಷಿನ ಕಾಟ ಇಲ್ಲ. ನಮ್ಮಲ್ಲಿಲ್ಲದ ಕೆಲವು ಶಬ್ದಗಳಿವೆ, ನಾನು ಮೇಲೆ "ಹ್ಲ" ಎಂದು ಬರೆದದ್ದು ಅದರಲ್ಲಿ ಒಂದು. ನಾಲಿಗೆಯನ್ನು ಲ ಹೇಳುವ ಜಾಗಕ್ಕೆ ಒತ್ತಿ, ದನಿ ಬಿಡದೆ ಪಕ್ಕದಿಂದ ಗಾಳಿ ಬಿಟ್ಟರೆ ಬರುತ್ತದೆ.

ಎಲ್ಲರನ್ನೂ ಓಡಿಸುವುದು ಪದದ ಮೊದಲ ಅಕ್ಷರ ಬದಲಾಗುವ ನಿಯಮ. ಪುಥ್ಲೆಲಿ ಎಂಬ ಊರಿಗೆ ಹೋಗಬೇಕಾದರೆ "ಇ ಬುಥ್ಲೆಲಿ". ಕೈರ್ನಾರ್ವನ್‌ಗೆ ಹೋಗಬೇಕಾದರೆ "ಇ ಗೈರ್ನಾರ್ವನ್". ಟವಿನ್‌ಗೆ ಹೋದರೆ "ಇ ಡವಿನ್". ಕ್ಲಾಸಿನಲ್ಲಿದ್ದ ಇಂಗ್ಲಿಷರು ತಲೆ ಹಿಡಿದುಕೊಂಡರು. ನನಗೆ ಏಳನೇ ಕ್ಲಾಸಿನ ವ್ಯಾಕರಣ ಕಣ್ಣೆದುರು ಬಂತು. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಕ ತ ಪ ಹೋಗಿ ಗ ದ ಬ ಬರುವ ನಮ್ಮ ಆದೇಶ ಸಂಧಿಯೇ ಇದು! ಎರಡು ಭಾಷೆಗೂ ನಂಟೇನೂ ಇಲ್ಲ, ವೆಲ್ಷ್ ಕೆಲ್ಟಿಕ್ ಗುಂಪಿನದು. ಆದರೆ ಬಾಯಿ ಎಲ್ಲ ಕಡೆ ಒಂದೇ ತಾನೇ, ಮೆತ್ತಗೆ ಮಾಡಿಕೊಳ್ಳುವ ದಾರಿಯೂ ಅದೇ. ವೆಲ್ಷ್‌ನಲ್ಲಿ ಒಂದು ಹೆಜ್ಜೆ ಜಾಸ್ತಿ ಇದೆ: ಊರಿನ "ಒಳಗೆ" ಎನ್ನುವಾಗ ಬಂಗೋರ್ ಹೋಗಿ "ಅಮ್ ಮಂಗೋರ್" ಆಗುತ್ತದೆ. ಗ ಇಂದ ಶುರುವಾದರೆ ಮೂಗಿನಿಂದ ಬರುವ ಙ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಂದೂ ಕೆಲಸಕ್ಕೆ ಬಾರದ ಆ ಙ ನನಗೆ ಇಲ್ಲಿ ಕೆಲಸಕ್ಕೆ ಬಂತು.

ಇನ್ನೂ ಕೆಲವು ಕಡೆ ಕನ್ನಡದವರಿಗೆ ಸಲೀಸು. ವೆಲ್ಷ್‌ನಲ್ಲೂ ಹೆಚ್ಚಾಗಿ ಕ್ರಿಯಾಪದದಿಂದಲೇ ಉತ್ತರ ಕೊಡುತ್ತಾರೆ. ನೋವಿದೆಯಾ ಎಂದರೆ "ಇದೆ", ಬೇಕಾ ಎಂದರೆ "ಬೇಕು" ಎನ್ನುವ ನಮಗೆ ಇದು ತಟ್ಟನೆ ಹಿಡಿಯುತ್ತದೆ. ನೀನು, ನೀವು ಎಂಬ ವ್ಯತ್ಯಾಸವೂ ಇದೆ: ತೀ, ಖೀ. ರೋಗಿಗೆ ಖೀ, ಮಗನಿಗೆ ತೀ. ಯಾರೂ ಹೇಳಿಕೊಡಬೇಕಾಗಲಿಲ್ಲ.

ನಿಜವಾದ ಕಷ್ಟ ವ್ಯಾಕರಣ ಅಲ್ಲ, ಜನರ ಒಳ್ಳೆಯತನ. ನಾನು ಒಂದು ವಾಕ್ಯದಲ್ಲಿ ತಡವರಿಸಿದರೆ ಸಾಕು, ಎದುರಿನವರು ಇಂಗ್ಲಿಷಿಗೆ ಜಾರುತ್ತಾರೆ. ನನ್ನ ಮುಖ ನೋಡಿಯೂ ಜಾರುತ್ತಾರೆ. ಸಿಟ್ಟು ಬರಲಿಲ್ಲ. ಬೆಂಗಳೂರಿನಲ್ಲಿ ಕನ್ನಡ ಕಲಿಯುವವರಿಗೆ ನಾವು ಮಾಡುವುದೂ ಇದೇ ಅಲ್ವಾ? ಯಾರಾದರೂ ತೊದಲು ಕನ್ನಡ ಆಡಿದರೆ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ, ಆಮೇಲೆ ಅವರು ಕಲಿಯಲಿಲ್ಲ ಅಂತ ಬೈಯುತ್ತೇವೆ.

ಇದಕ್ಕೆ ನನಗೆ ಕೆಲಸ ಮಾಡಿದ್ದು ಎರಡು ಉಪಾಯ. ಒಂದು, ಕಲಿಯುವವರು ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಬ್ಯಾಡ್ಜು. ಅದು ಎದೆಯ ಮೇಲಿದ್ದರೆ ಎದುರಿನವರು ಸ್ವಲ್ಪ ತಾಳುತ್ತಾರೆ. ಇನ್ನೊಂದು ಜಾಸ್ತಿ ಮುಖ್ಯ. ಒಬ್ಬರ ಜೊತೆ ಒಂದು ಭಾಷೆ ಕೂತುಬಿಟ್ಟರೆ ಬದಲಾಯಿಸುವುದು ಕಷ್ಟ. ಹಾಗಾಗಿ ಹಳೆಯ ಪರಿಚಯದವರನ್ನು ಬಿಟ್ಟೆ, ಹೊಸಬರ ಜೊತೆ ಮೊದಲ ಮಾತೇ ವೆಲ್ಷ್‌ನಲ್ಲಿ ಆಡತೊಡಗಿದೆ. ಶಾಲೆಯ ಗೇಟಿನಲ್ಲಿ ಮೊಮ್ಮಗಳಿಗೆ ಕಾಯುವ ಒಬ್ಬ ಅಜ್ಜಿಗೆ ನಾನು ಇವತ್ತಿಗೂ ಇಂಗ್ಲಿಷಿನಲ್ಲಿ ಒಂದು ಮಾತೂ ಆಡಿಲ್ಲ. ನಮ್ಮ ಮಾತು ಮಳೆ, ಮಕ್ಕಳು, ಬಸ್ಸು ಇಷ್ಟನ್ನೇ ಸುತ್ತುತ್ತದೆ, ಆದರೂ ಕ್ಲಾಸಿನಲ್ಲಿ ಕಲಿತದ್ದು ಬಾಯಿಗೆ ಬಂದದ್ದು ಅಲ್ಲೇ.

ಈಗ ನಾನು ಮಧ್ಯಮ ಹಂತದ ಕೋರ್ಸಿನಲ್ಲಿದ್ದೇನೆ. ಬೆಳಿಗ್ಗೆ ರೋಗಿಗಳನ್ನು ಮಾತಾಡಿಸುವುದು, ಟೀ ಬೇಕಾ ಕೇಳುವುದು, ನೋವು ಎಲ್ಲಿ, ಎಷ್ಟು ಎಂದು ಬರೆದುಕೊಳ್ಳುವುದು ವೆಲ್ಷ್‌ನಲ್ಲೇ ನಡೆಯುತ್ತದೆ. ದಕ್ಷಿಣದವರು ವೇಗವಾಗಿ ಆಡಿದರೆ ಅರ್ಧ ಬಿಟ್ಟುಹೋಗುತ್ತದೆ. ಫೋನು ಇನ್ನೂ ಕಷ್ಟ. ರೋಗಿಯ ಮನೆಯವರು ಕರೆ ಮಾಡಿದರೆ ನಮಸ್ಕಾರ, ಹೇಗಿದ್ದಾರೆ, ಊಟ ಮಾಡಿದರು ಎಂಬುದೆಲ್ಲ ವೆಲ್ಷ್. ಔಷಧ, ಡೋಸು, ಆಪರೇಷನ್ ವಿಷಯ ಬಂದ ಕೂಡಲೇ ಇಂಗ್ಲಿಷಿಗೆ ಬರುತ್ತೇನೆ, ಇಲ್ಲವೇ ನಮ್ಮ ಸಹಾಯಕಿಯನ್ನು ಕರೆಯುತ್ತೇನೆ. ಅಲ್ಲಿ ನನ್ನ ಅಭ್ಯಾಸಕ್ಕೆ ಜಾಗ ಇಲ್ಲ.